ಜಿಮ್‌ಗೆ ಹೋದರೆ ಹೃದಯಾಘಾತ ಆಗುತ್ತದೆಯೇ? ಭಯ ಎಷ್ಟು ನಿಜ, ಎಷ್ಟು ಸುಳ್ಳು

‘ಜಿಮ್ಮು ಗಿಮ್ಮು ಬ್ಯಾಡಪಾ, ಎದಿ ಹಿಡ್ಕೊಂಡು ಕುಂತರ ಏನ್ ಮಾಡೂದು?’

ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಯ ಮನೆಗಳಲ್ಲಿ ಈ ಮಾತು ಈಗ ಹೊಸದಲ್ಲ. ಮಗ ಜಿಮ್ ಸೇರುತ್ತೇನೆ ಅಂದರೆ ತಾಯಿಗೆ ಅಂಜಿಕೆ. ಐವತ್ತು ದಾಟಿದ ಗಂಡ ಬೆಳಿಗ್ಗೆ ಕುಸುಗಲ್ ರಸ್ತೆಯ ಕಡೆ ಜೋರಾಗಿ ನಡೆಯಲು ಹೊರಟರೆ ಹೆಂಡತಿಗೆ ಅಂಜಿಕೆ. ಈ ಭಯ ಎಲ್ಲಿಂದ ಬಂತು ಎಂಬುದು ಕನ್ನಡಿಗರಿಗೆಲ್ಲ ಗೊತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತು ಬೆಳಿಗ್ಗೆ ವ್ಯಾಯಾಮ ಮಾಡಿದ ಮೇಲೆ ಅವರಿಗೆ ಅಸ್ವಸ್ಥತೆ ಕಾಣಿಸಿತ್ತು ಎಂಬ ಸುದ್ದಿ ರಾಜ್ಯದ ತುಂಬ ಹರಡಿತು. ನಂತರದ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ‘ಅಂಥ ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ನಮ್ಮ ಗತಿಯೇನು’ ಎಂಬುದು ಎಲ್ಲರ ಪ್ರಶ್ನೆ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲು ಸಾವಿನ ಸುದ್ದಿ ಬಂದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು.

ಒಬ್ಬ ವ್ಯಕ್ತಿಯ ಸಾವಿಗೆ ಏನು ಕಾರಣ ಎಂದು ಹೊರಗೆ ನಿಂತು ಹೇಳುವುದು ಸರಿಯಲ್ಲ. ಅದನ್ನು ನಾವು ಇಲ್ಲಿ ಮಾಡುವುದೂ ಇಲ್ಲ. ಆದರೆ ‘ವ್ಯಾಯಾಮದಿಂದ ಹೃದಯಾಘಾತ ಆಗುತ್ತದೆ’ ಎಂಬ ಸಾಮಾನ್ಯ ಮಾತನ್ನು ಪರೀಕ್ಷಿಸಬಹುದು. ಕ್ರೀಡಾವಿಜ್ಞಾನ ಮತ್ತು ಹೃದಯವಿಜ್ಞಾನ ಎರಡೂ ಸೇರಿ ಎಪ್ಪತ್ತು ವರ್ಷಗಳಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿವೆ. ಮೊದಲೇ ಹೇಳಿಬಿಡುತ್ತೇವೆ: ಈ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಡ್ರೈವರ್ ಮತ್ತು ಕಂಡಕ್ಟರ್

ಕಥೆ ಶುರುವಾಗುವುದು ಲಂಡನ್ನಿನ ಬಸ್ಸಿನಲ್ಲಿ. ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಇಬ್ಬರೂ ಒಂದೇ ಸಂಸ್ಥೆಯವರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನದಿಂದ ಬಂದವರು. ವ್ಯತ್ಯಾಸ ಇಷ್ಟೇ: ಡ್ರೈವರ್ ದಿನವಿಡೀ ಕುಳಿತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. 1953ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹೃದಯದ ರಕ್ತನಾಳದ ಕಾಯಿಲೆ ಕಂಡಕ್ಟರುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 1.9, ಡ್ರೈವರುಗಳಲ್ಲಿ 2.7. ಕಂಡಕ್ಟರಿಗೆ ಕಾಯಿಲೆ ಬಂದರೂ ಅದು ಕೊಂಚ ತಡವಾಗಿ, ಕೊಂಚ ಸೌಮ್ಯವಾಗಿ ಬರುತ್ತಿತ್ತು.

ಇದಕ್ಕೆ ಆಕ್ಷೇಪವೂ ಬಂತು. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿರಬಹುದಲ್ಲ? ಮಾರಿಸ್ ಅದನ್ನೂ ಬಿಡಲಿಲ್ಲ. ಕೆಲಸಕ್ಕೆ ಸೇರಿದಾಗ ಕೊಟ್ಟ ಸಮವಸ್ತ್ರದ ಸೊಂಟದ ಅಳತೆಗಳನ್ನು ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ಮೊದಲ ದಿನದಿಂದಲೇ ಸ್ವಲ್ಪ ದೊಡ್ಡದಿತ್ತು ಎಂಬುದು ಗೊತ್ತಾಯಿತು, ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಅಂದರೆ ಆ ವ್ಯತ್ಯಾಸಕ್ಕೆ ಮೆಟ್ಟಿಲೊಂದೇ ಕಾರಣ ಎನ್ನಲಾಗದು. ಆದರೆ ಮುಂದಿನ ದಶಕಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಮತ್ತೆ ಮತ್ತೆ ಅದೇ ದಿಕ್ಕನ್ನು ತೋರಿಸಿವೆ: ಮೈ ಬಗ್ಗಿಸಿ ಕೆಲಸ ಮಾಡುವವರಿಗೆ ಹೃದ್ರೋಗ ಕಡಿಮೆ.

ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ಸಮಿತಿ ಮಾಡಿತ್ತು. 2025ರ ಜುಲೈನಲ್ಲಿ ಬಂದ ಅದರ ವರದಿ 24 ಸಾವುಗಳನ್ನು ನೋಡಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಉಳಿದವರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂಥ ಹಳೆಯ ಪರಿಚಿತ ಕಾರಣಗಳಿದ್ದವು. ಸುಮಾರು ಮೂರನೇ ಒಂದು ಭಾಗದಷ್ಟು ಜನ ಆಟೊ, ಕ್ಯಾಬ್ ಓಡಿಸುವವರು. ಇಪ್ಪತ್ತು ಚಿಲ್ಲರೆ ಜನರ ಲೆಕ್ಕದಿಂದ ದೊಡ್ಡ ತೀರ್ಮಾನ ತೆಗೆಯಬಾರದು ನಿಜ. ಆದರೂ ಗಮನಿಸಿ: ಸುದ್ದಿಯಲ್ಲಿ ಜಿಮ್ ಮಿಂಚಿತು, ಪಟ್ಟಿಯಲ್ಲಿ ಎದ್ದು ಕಂಡದ್ದು ಕುಳಿತು ಮಾಡುವ ಕೆಲಸ.

ಹಾಗಾದರೆ ವ್ಯಾಯಾಮದ ಹೊತ್ತಿನಲ್ಲಿ ಸಾಯುವುದು ಸುಳ್ಳೇ?

ಸುಳ್ಳಲ್ಲ. ಇಲ್ಲೇ ವಿಷಯ ಸೂಕ್ಷ್ಮವಾಗುವುದು.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯತೊಡಗುವುದು ಹೃದಯಾಘಾತ. ಇದು ನಳದಲ್ಲಿ ನೀರು ಕಟ್ಟಿಕೊಂಡಂತೆ. ಮನುಷ್ಯನಿಗೆ ಎಚ್ಚರ ಇರುತ್ತದೆ, ನೋವು ಹೇಳಿಕೊಳ್ಳುತ್ತಾನೆ. ಹೃದಯದ ವಿದ್ಯುತ್ ಲಯ ತಪ್ಪಿ ಬಡಿತವೇ ನಿಷ್ಪ್ರಯೋಜಕವಾಗುವುದು ಹೃದಯಸ್ತಂಭನ. ಇದು ಮನೆಯ ಕರೆಂಟ್ ಹೋದಂತೆ; ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಪತ್ರಿಕೆ ಮತ್ತು ವಾಟ್ಸಾಪ್ ಎರಡನ್ನೂ ‘ಹಾರ್ಟ್ ಅಟ್ಯಾಕ್’ ಎಂದೇ ಬರೆಯುತ್ತವೆ.

ಜೋರಾದ ಶ್ರಮದಲ್ಲಿ ಅಡ್ರಿನಲಿನ್ ಏರುತ್ತದೆ, ಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ರಕ್ತನಾಳದ ಗೋಡೆಯ ಮೇಲೆ ರಕ್ತದ ಉಜ್ಜುವಿಕೆ ಹೆಚ್ಚುತ್ತದೆ. ಗೋಡೆಯಲ್ಲಿ ಮೊದಲೇ ಕೊಬ್ಬಿನ ಗಡ್ಡೆ ಬೆಳೆದಿದ್ದರೆ ಅದರ ತೆಳು ಹೊದಿಕೆ ಬಿರಿಯಬಹುದು, ಬಿರಿದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸುಮಾರು 35 ದಾಟಿದವರಲ್ಲಿ ವ್ಯಾಯಾಮದ ವೇಳೆಯ ಸಾವಿಗೆ ಬಹುಪಾಲು ಕಾರಣ ಇದೇ. ಅದಕ್ಕಿಂತ ಚಿಕ್ಕವರಲ್ಲಿ ಹುಟ್ಟಿನಿಂದ ಬಂದ ದೋಷಗಳು, ಅಂದರೆ ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುವ ಕಾಯಿಲೆ, ಲಯದ ತೊಂದರೆಗಳು ಅಥವಾ ವೈರಸ್ ಜ್ವರದಿಂದ ಸ್ನಾಯುವಿಗೆ ಬಂದ ಉರಿಯೂತ ಹೆಚ್ಚಾಗಿ ಕಾಣುತ್ತವೆ. ಎರಡರಲ್ಲೂ ವ್ಯಾಯಾಮ ಬೆಂಕಿಕಡ್ಡಿ ಇದ್ದಂತೆ. ಒಣ ಹುಲ್ಲು ಮೊದಲೇ ಅಲ್ಲಿ ಬಿದ್ದಿರುತ್ತದೆ.

ಆ ಕಡ್ಡಿ ಎಷ್ಟು ಅಪಾಯಕಾರಿ ಎಂದು ಅಳೆದ ಮೂರು ಅಧ್ಯಯನಗಳನ್ನು ತಾಳ್ಮೆಯಿಂದ ನೋಡೋಣ. ನಮ್ಮ ಮಟ್ಟಿಗೆ ಈ ಲೇಖನದ ತಿರುಳು ಇದೇ.

1984ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಮೊದಲು ಯಾವ ಹೃದ್ರೋಗವೂ ಗೊತ್ತಿರದೆ ಹೃದಯಸ್ತಂಭನಕ್ಕೊಳಗಾದ 133 ಪುರುಷರ ಹೆಂಡತಿಯರನ್ನು ಮಾತಾಡಿಸಲಾಯಿತು. ಗಂಡ ವಾರಕ್ಕೆ ಎಷ್ಟು ಶ್ರಮ ಪಡುತ್ತಿದ್ದ, ಕುಸಿದಾಗ ಏನು ಮಾಡುತ್ತಿದ್ದ ಎಂಬುದು ಪ್ರಶ್ನೆ. ಫಲಿತಾಂಶ ಎರಡು ಮುಖದ್ದು. ಎಂದೂ ಮೈ ದಣಿಸದವರು ಒಮ್ಮೆ ಜೋರಾಗಿ ದಣಿದರೆ ಆ ಹೊತ್ತಿನಲ್ಲಿ ಅಪಾಯ ಅವರ ಉಳಿದ ಸಮಯಕ್ಕಿಂತ 56 ಪಟ್ಟು. ಹೆಚ್ಚು ರೂಢಿ ಇದ್ದವರಿಗೆ ಸುಮಾರು 5 ಪಟ್ಟು. ಇದನ್ನು ಓದಿ ‘ನೋಡಿದ್ರಾ, ಅಪಾಯ ಇದೆ’ ಎಂದು ನಿಲ್ಲಿಸಬೇಡಿ. ದಿನದ 24 ಗಂಟೆಯನ್ನೂ ಸೇರಿಸಿ ನೋಡಿದಾಗ, ರೂಢಿ ಇದ್ದವರ ಒಟ್ಟು ಅಪಾಯ ಕುಳಿತೇ ಇರುವವರ ಅಪಾಯದ ಶೇ 40ರಷ್ಟು ಮಾತ್ರ. ವ್ಯಾಯಾಮದ ಒಂದು ಗಂಟೆಯಲ್ಲಿ ಅವರು ಕೊಡುವ ಚಿಕ್ಕ ಬೆಲೆಗೆ ಉಳಿದ 23 ಗಂಟೆಯಲ್ಲಿ ದೊಡ್ಡ ಲಾಭ ಬರುತ್ತದೆ.

1993ರಲ್ಲಿ 1,228 ಹೃದಯಾಘಾತದ ರೋಗಿಗಳನ್ನು ವಿಚಾರಿಸಿದ ಇನ್ನೊಂದು ಅಮೆರಿಕನ್ ಅಧ್ಯಯನ ಬಂತು. ವಾರಕ್ಕೊಮ್ಮೆಯೂ ಶ್ರಮ ಪಡದವರಲ್ಲಿ ಜೋರು ಶ್ರಮದ ಆ ಒಂದು ಗಂಟೆಯಲ್ಲಿ ಆಘಾತದ ಅಪಾಯ 107 ಪಟ್ಟು. ವಾರಕ್ಕೆ ಐದು ದಿನ ಅಥವಾ ಹೆಚ್ಚು ಶ್ರಮ ಪಡುವವರಲ್ಲಿ 2.4 ಪಟ್ಟು. ಅದೇ ಶ್ರಮ, ಅದೇ ಹೃದಯ, ನಡುವಿನ ವ್ಯತ್ಯಾಸ ರೂಢಿಯದು. ಈ ಅಧ್ಯಯನದಲ್ಲಿ ಯಾರೂ ಎತ್ತಿ ಹೇಳದ ಇನ್ನೊಂದು ಅಂಕಿ ಇದೆ: ಆಘಾತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಜೋರಾಗಿ ದಣಿದಿದ್ದವರು ಶೇ 4.4 ಮಾತ್ರ. ಉಳಿದ ಶೇ 95ಕ್ಕೂ ಹೆಚ್ಚು ಜನರಿಗೆ ಅದು ಬಂದದ್ದು ಕುಳಿತಾಗ, ಮಲಗಿದಾಗ, ಮಾಮೂಲಿ ಕೆಲಸದಲ್ಲಿದ್ದಾಗ. ಸೋಫಾದ ಮೇಲೆ ಸತ್ತವರ ಸಿಸಿಟಿವಿ ವಿಡಿಯೊ ಯಾರ ಮೊಬೈಲಿಗೂ ಬರುವುದಿಲ್ಲ.

ಮೂರನೆಯದು 2000ದ್ದು, 21 ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದು. ಜೋರು ವ್ಯಾಯಾಮದ ಸುಮಾರು 15.1 ಲಕ್ಷ ಸಲಕ್ಕೆ ಒಂದು ಹಠಾತ್ ಸಾವು ಎಂದು ಅವರು ಲೆಕ್ಕ ಹಾಕಿದರು. ವರ್ಷಕ್ಕೆ 250 ದಿನ ಬೆವರಿಳಿಸಿದರೆ ಆರು ಸಾವಿರ ವರ್ಷಕ್ಕೆ ಒಂದು ಸಲ! ‘ಪಟ್ಟು’ ಎಂಬ ಪದಕ್ಕೆ ಹೆದರುವ ಮುನ್ನ, ಯಾವುದರ ಪಟ್ಟು ಎಂದು ಕೇಳಬೇಕಾದ್ದು ಇದಕ್ಕೇ. ತೀರಾ ಚಿಕ್ಕ ಸಂಖ್ಯೆಯನ್ನು ನೂರರಿಂದ ಗುಣಿಸಿದರೂ ಅದು ಚಿಕ್ಕದಾಗಿಯೇ ಉಳಿಯಬಹುದು.

ಈ ಅಂಕಿಗಳನ್ನು ಹಾಗೇ ಎತ್ತಿ ಕೇಶ್ವಾಪುರಕ್ಕೆ ಅಂಟಿಸಲು ಬರುವುದಿಲ್ಲ. ಅವು ಬಹುತೇಕ ಅಮೆರಿಕದ ಗಂಡಸರದ್ದು. ಭಾರತೀಯರಿಗೆ ಹೃದ್ರೋಗ ಪಾಶ್ಚಾತ್ಯರಿಗಿಂತ ಐದು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಜಯದೇವ ಸಂಸ್ಥೆ 2017ರಿಂದ 40ರೊಳಗಿನ ಹೃದ್ರೋಗಿಗಳದ್ದೇ ಒಂದು ದಾಖಲೆ ಇಡುತ್ತ ಬಂದಿದೆ. ಅದರಲ್ಲಿ ಎದ್ದು ಕಾಣುವ ಕಾರಣ ಧೂಮಪಾನ. ಹಾಗಾಗಿ ನಮ್ಮಲ್ಲಿ ಒಣ ಹುಲ್ಲು ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು ನೋಡಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಹೆಚ್ಚಿಸಿದ್ದು ಏನು? ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು, ಮತ್ತು ಹೌದು, ಅದೇ 48 ಗಂಟೆಯಲ್ಲಿ ಮಾಡಿದ ತೀವ್ರ ದೈಹಿಕ ಶ್ರಮ. ಈ ಕೊನೆಯದನ್ನು ಮುಚ್ಚಿಟ್ಟು ವ್ಯಾಯಾಮದ ಗುಣಗಾನ ಮಾಡುವುದು ಪ್ರಾಮಾಣಿಕತೆಯಲ್ಲ.

ಗರಡಿಮನೆಯವರಿಗೆ ಗೊತ್ತಿದ್ದದ್ದು

ಧಾರವಾಡ ಸೀಮೆಯ ಹಳೆಯ ಗರಡಿಮನೆಗಳಲ್ಲಿ ಹೊಸ ಹುಡುಗನನ್ನು ಮೊದಲ ದಿನವೇ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಬಸ್ಕಿ ಇಷ್ಟು, ದಂಡ ಇಷ್ಟು ಎಂದು ದಿನದಿನಕ್ಕೆ ಏರಿಸುತ್ತ ಹೋಗುವುದು ರೂಢಿ. ಇಂದಿನ ಕ್ರೀಡಾವಿಜ್ಞಾನ ಹೇಳುವುದೂ ಅದನ್ನೇ: ಹೊರೆ ಹಂತ ಹಂತವಾಗಿ ಏರಬೇಕು. ನಿಯಮಿತ ಶ್ರಮಕ್ಕೆ ಒಗ್ಗಿದ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ, ಅದೇ ಕೆಲಸಕ್ಕೆ ಕಡಿಮೆ ಸಲ ಬಡಿಯುತ್ತದೆ, ನಾಳಗಳ ಒಳಪದರ ಸುಲಭವಾಗಿ ಹಿಗ್ಗುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ತಗ್ಗುತ್ತದೆ. ಇದಕ್ಕೆ ವಾರಗಳು ಬೇಕು, ತಿಂಗಳುಗಳು ಬೇಕು.

ನಾವು ಹೆಚ್ಚು ಅಂಜಬೇಕಾದದ್ದು ಇದರ ಉಲ್ಟಾ ಮಾಡುವವರ ಬಗ್ಗೆ. ವರ್ಷವಿಡೀ ಅಂಗಡಿಯ ಗಲ್ಲಾದ ಮುಂದೆ ಕುಳಿತು, ದೀಪಾವಳಿಯ ಟೂರ್ನಿಯಲ್ಲಿ ಹಳೆಯ ನೆನಪಿನ ಮೇಲೆ ವೇಗದ ಬೌಲಿಂಗ್ ಮಾಡಲು ಹೋಗುವ 42ರ ಅಣ್ಣ. ಹೊಸ ವರ್ಷಕ್ಕೆ ಜಿಮ್ ಸೇರಿ ಮೂರನೇ ದಿನಕ್ಕೇ ಪಕ್ಕದವನಷ್ಟು ಭಾರ ಎತ್ತುವ ತಮ್ಮ. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಒಂದು ಸಿಗರೇಟು ಸೇದಿ ಷಟಲ್ ಕೋರ್ಟಿಗೆ ಇಳಿಯುವವರು. (ವಾರದ ವ್ಯಾಯಾಮವನ್ನೆಲ್ಲ ಶನಿವಾರ-ಭಾನುವಾರವೇ ಮಾಡುವವರಿಗೂ ಹೃದಯದ ಲಾಭ ಸಿಗುತ್ತದೆ ಎಂದು ಬ್ರಿಟನ್ನಿನ ದೊಡ್ಡ ದತ್ತಾಂಶವೊಂದು ತೋರಿಸಿದೆ. ಆದರೆ ಅದು ಪ್ರತಿ ವಾರ ತಪ್ಪದೆ ಮಾಡುವವರ ಮಾತು, ಆರು ತಿಂಗಳಿಗೊಮ್ಮೆ ಹುಮ್ಮಸ್ಸು ಬರುವವರದ್ದಲ್ಲ.)

ಜಿಮ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಪ್ರೋಟೀನ್ ಪುಡಿಯಿಂದ ಹೃದಯ ನಿಲ್ಲುತ್ತದೆ ಎಂದು ಹೆದರುವವರು ಬಹಳ. ವೇ ಪುಡಿ ಎಂದರೆ ಹಾಲಿನ ಹಳದಿ ನೀರನ್ನು ಒಣಗಿಸಿದ್ದು, ಕಲಬೆರಕೆ ಇಲ್ಲದಿದ್ದರೆ ಅದು ಹೃದಯಕ್ಕೆ ವಿಷವಲ್ಲ. ನಿಜವಾದ ಅಪಾಯ ಇರುವುದು ದೇಹ ಬೇಗ ಉಬ್ಬಲೆಂದು ಗುಟ್ಟಾಗಿ ತೆಗೆದುಕೊಳ್ಳುವ ಅನಬಾಲಿಕ್ ಸ್ಟೆರಾಯ್ಡ್‌ಗಳಲ್ಲಿ. ಅವು ಒಳ್ಳೆಯ ಕೊಲೆಸ್ಟ್ರಾಲನ್ನು ಇಳಿಸುತ್ತವೆ, ಹೃದಯದ ಗೋಡೆಯನ್ನು ದಪ್ಪ ಮಾಡುತ್ತವೆ. ವ್ಯಾಯಾಮಕ್ಕೆ ಮುಂಚೆ ಕುಡಿಯುವ, ವಿಪರೀತ ಕೆಫೀನ್ ತುಂಬಿದ ಪುಡಿಗಳಿಂದಲೂ ದೂರವಿರುವುದು ಮೇಲು.

ಪ್ಲಾಟ್‌ಫಾರ್ಮಿನ ಅಳತೆ

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಕೇಶ್ವಾಪುರದವರಿಗೆ ಒಂದು ಅಳತೆಗೋಲು ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ದಾಖಲಾಯಿತು. ಅಲ್ಲಿಗೇ ಹೋಗಿ ವಾಕಿಂಗ್ ಮಾಡಿ ಎನ್ನುತ್ತಿಲ್ಲ, ಚೀಲ ಹೊತ್ತ ಪ್ರಯಾಣಿಕರಿಗೆ ಅಡ್ಡ ಬರಬೇಡಿ. ಅಷ್ಟು ದೂರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ 16-18 ನಿಮಿಷದಲ್ಲಿ ಮುಟ್ಟಿದರೆ ಅದು ಚುರುಕು ನಡಿಗೆ. ಹೋಗಿ ಬಂದರೆ ಅರ್ಧ ಗಂಟೆಗಿಂತ ತುಸು ಹೆಚ್ಚು. ವಾರಕ್ಕೆ ಐದು ದಿನ ಹೀಗೆ ಮಾಡಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ದಾಟುತ್ತದೆ. ಅದೇ ಸಂಸ್ಥೆಯ ತಜ್ಞರ ಲೆಕ್ಕದಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಇಷ್ಟನ್ನೂ ಮಾಡುತ್ತಿರಲಿಲ್ಲ. ಹೆಂಗಸರಲ್ಲಿ ಇದು ಶೇ 57. ಮನೆಗೆಲಸದಲ್ಲೇ ದಣಿಯುವ ಅವ್ವಂದಿರಿಗೆ ‘ನಿನಗ್ಯಾಕ ವಾಕಿಂಗ್’ ಎನ್ನುವ ಮನೆಗಳು ಈ ಅಂಕಿಯನ್ನು ನೋಡಬೇಕು.

ವೇಗ ಸರಿಯಾಗಿದೆಯೇ ಎಂದು ತಿಳಿಯಲು ಗಡಿಯಾರದ ಯಂತ್ರ ಬೇಕಿಲ್ಲ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದು ಮಧ್ಯಮ ಶ್ರಮ. ಎರಡು ಮೂರು ಪದಕ್ಕೇ ಉಸಿರು ನಿಲ್ಲುತ್ತಿದ್ದರೆ ಅದು ಜೋರು ಶ್ರಮ, ಹೊಸಬರಿಗೆ ಅಲ್ಲ. ಶುರುವಿನ ಐದು ಹತ್ತು ನಿಮಿಷ ನಿಧಾನ, ಕೊನೆಯಲ್ಲೂ ನಿಧಾನ. ಜೋರಾಗಿ ಓಡಿ ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಒತ್ತಡ ಕುಸಿಯುತ್ತದೆ, ತಲೆ ಸುತ್ತುತ್ತದೆ. ಜ್ವರ ಇದ್ದಾಗ, ಜ್ವರ ಬಿಟ್ಟ ಮೊದಲ ಕೆಲವು ದಿನ ಮೈಯನ್ನು ದಣಿಸಬೇಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಓಡುವುದು ಶೂರತನವಲ್ಲ.

ತಪಾಸಣೆ ಎಲ್ಲರಿಗೂ ಬೇಕೇ? ನಡಿಗೆ ಶುರು ಮಾಡಲು ಬೇಡ. ಆದರೆ ಮಧುಮೇಹ, ಬಿಪಿ ಇದ್ದವರು, ಸಿಗರೇಟು-ಗುಟ್ಕಾ ಚಟದವರು, ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅವ್ವನಿಗೋ ಅಕ್ಕನಿಗೋ 65ರೊಳಗೆ ಹೃದ್ರೋಗ ಬಂದವರು, ನಲವತ್ತರವರೆಗೂ ಕುಳಿತೇ ಇದ್ದು ಈಗ ಓಟ ಅಥವಾ ಭಾರದ ಜಿಮ್ ಶುರು ಮಾಡುವವರು ಮೊದಲು ವೈದ್ಯರನ್ನು ಕಾಣಲೇಬೇಕು. ವ್ಯಾಯಾಮದ ನಡುವೆ ಒಮ್ಮೆ ಪ್ರಜ್ಞೆ ತಪ್ಪಿದ್ದರೆ ವಯಸ್ಸು ಹದಿನೆಂಟೇ ಆಗಿರಲಿ, ತಡ ಮಾಡಬಾರದು. ಇಲ್ಲೊಂದು ತಪ್ಪು ನಂಬಿಕೆಯನ್ನೂ ತಿದ್ದಬೇಕು: ‘ಟಿಎಂಟಿ ನಾರ್ಮಲ್ ಬಂದೈತಿ, ಇನ್ನೇನೂ ಆಗಂಗಿಲ್ಲ’. ಟ್ರೆಡ್‌ಮಿಲ್ ಪರೀಕ್ಷೆ ಮುಖ್ಯವಾಗಿ ರಕ್ತದ ಹರಿವನ್ನು ತಡೆಯುವಷ್ಟು ದೊಡ್ಡ ಅಡ್ಡಿಯನ್ನು ಪತ್ತೆ ಮಾಡುತ್ತದೆ. ನಾಳವನ್ನು ಅರ್ಧವೂ ಮುಚ್ಚದ ಗಡ್ಡೆ ಬಿರಿದರೂ ಆಘಾತ ಆಗಬಹುದು, ಅದು ನಿನ್ನೆಯ ಟಿಎಂಟಿಯಲ್ಲಿ ಕಾಣದೇ ಇರಬಹುದು. ವರದಿ ಕೈಯಲ್ಲಿದೆ ಎಂದು ಸಿಗರೇಟು ಮುಂದುವರಿಸಿದರೆ ಆ ಪರೀಕ್ಷೆಗೆ ಕೊಟ್ಟ ಹಣ ದಂಡ.

‘ಗ್ಯಾಸ್ ಆಗೇತಿ’

ವ್ಯಾಯಾಮದಲ್ಲೋ ನಂತರವೋ ಎದೆಯ ನಡುವೆ ಬಿಗಿತ, ಭಾರ, ಉರಿ. ಅದು ಎಡಗೈ, ದವಡೆ, ಬೆನ್ನಿಗೆ ಹರಿಯುವುದು. ತಣ್ಣನೆ ಬೆವರು, ವಾಂತಿ ಬಂದಂತಾಗುವುದು, ಕಾರಣವಿಲ್ಲದ ದಣಿವು. ಹೆಂಗಸರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಉಸಿರುಕಟ್ಟು, ಸುಸ್ತು ಇರಬಹುದು. ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್. ಸೋಡಾ ಕುಡಿದು, ಓಮ ಅಗಿದು, ಮಲಗಿ ನೋಡುವುದರಲ್ಲಿ ಚಿಕಿತ್ಸೆಗೆ ಅತಿ ಮುಖ್ಯವಾದ ಹೊತ್ತು ಕಳೆದುಹೋಗುತ್ತದೆ. ಕೂಡಲೇ ಶ್ರಮ ನಿಲ್ಲಿಸಿ, ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿಸಿ. ಸ್ವತಃ ಬೈಕ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ. ಪುನೀತ್ ಹೆಸರಿನಲ್ಲಿ 2023ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಹೃದಯಜ್ಯೋತಿ ಯೋಜನೆ ಇಂಥವರಿಗಾಗಿಯೇ ಇದೆ: ಯೋಜನೆಯಡಿಯ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳವರಿಗೆ ಹುಬ್ಬಳ್ಳಿಯ ಕಿಮ್ಸ್ ಮುಟ್ಟುವ ದಾರಿಯ ಹೊತ್ತು ಉಳಿಸುವುದೂ ದೊಡ್ಡ ಮಾತು.

ಇನ್ನು, ಎದುರಿಗೆ ಯಾರಾದರೂ ಕುಸಿದು, ಕರೆದರೂ ಅಲುಗಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ? ನೀರು ಕುಡಿಸುವುದು, ಮುಷ್ಟಿಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ಮಧ್ಯದ ಎಲುಬಿನ ಕೆಳ ಅರ್ಧದ ಮೇಲೆ ಎರಡೂ ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಲಿ. ಇದು ಪುಸ್ತಕದ ಮಾತಲ್ಲ ಎನ್ನಲು ಅಂಕಿ ಇದೆ. ಅಮೆರಿಕದ ಮ್ಯಾರಥಾನ್, ಹಾಫ್ ಮ್ಯಾರಥಾನ್‌ಗಳಲ್ಲಿ 2000-2010ರ ನಡುವೆ 1.09 ಕೋಟಿ ಓಟಗಾರರಲ್ಲಿ 59 ಜನರಿಗೆ ಹೃದಯಸ್ತಂಭನವಾಗಿತ್ತು, ಹೆಚ್ಚಿನವರು ಸತ್ತರು. 2010-2023ರ ನಡುವೆ 2.9 ಕೋಟಿ ಓಟಗಾರರನ್ನು ನೋಡಿದಾಗ, ಹೃದಯ ನಿಂತವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು, ಸಾವಿನ ಪ್ರಮಾಣ ಮಾತ್ರ ಅರ್ಧಕ್ಕೆ ಇಳಿದಿತ್ತು. ಓಟದ ದಾರಿಯುದ್ದಕ್ಕೂ ಎದೆ ಒತ್ತಲು ಬಲ್ಲವರೂ ವಿದ್ಯುತ್ ಆಘಾತ ಕೊಟ್ಟು ಲಯ ಮರಳಿಸುವ ಎಇಡಿ ಯಂತ್ರಗಳೂ ಸಿದ್ಧವಿದ್ದದ್ದು ಅದಕ್ಕೆ ಮುಖ್ಯ ಕಾರಣ ಎಂದು ಸಂಶೋಧಕರು ಹೇಳುತ್ತಾರೆ.

ನಿಮ್ಮ ಜಿಮ್‌ನಲ್ಲಿ ಕನ್ನಡಿ ಎಷ್ಟು ದೊಡ್ಡದು, ಎಸಿ ಇದೆಯೋ ಇಲ್ಲವೋ ಎಂದು ವಿಚಾರಿಸುವಾಗ ಇನ್ನೆರಡು ಪ್ರಶ್ನೆ ಸೇರಿಸಿ: ಇಲ್ಲಿನ ಎಷ್ಟು ತರಬೇತುದಾರರಿಗೆ ಸಿಪಿಆರ್ ಬರುತ್ತದೆ? ಎಇಡಿ ಯಂತ್ರ ಎಲ್ಲಿದೆ?